ಅಡ್ಯಾರಿನ ಹಲಗೆ ಗಿಟಾರು

— ಮಾವ, ಇನ್ನೂ ತಂತಿ ಮುಟ್ಟೇ ಇಲ್ಲ. ಈ ಗುಂಯ್ ಅನ್ನೋ ಸದ್ದು ಎಲ್ಲಿಂದ ಬರ್ತಿದೆ?

— ಗಿಟಾರಿನಿಂದಲೇ. ಸ್ಟೂಲನ್ನ ಸ್ವಲ್ಪ ಬಲಕ್ಕೆ ತಿರುಗಿಸು. ಇನ್ನೂ ಸ್ವಲ್ಪ. ಕಿಟಕಿಯಾಚೆ ಬೇವಿನ ಮರ ಇದೆಯಲ್ಲ, ಅದಕ್ಕೆ ಎದುರಾಗಿ ಕೂತ್ಕೋ. ಈಗ ಕೇಳು.

— ಅರ್ಧಕ್ಕರ್ಧ ಇಳಿದುಹೋಯ್ತು!

— ಗಾಂಧಿನಗರದ ಈ ಮನೆಗೆ ಬಂದಾಗಿನಿಂದ ನಾನು ಆ ಬೇವಿನ ಮರಕ್ಕೆ ಮುಖ ಮಾಡಿಯೇ ನುಡಿಸೋದು. ಇದರ ಪಿಕಪ್ ಅಂದರೆ ಇಷ್ಟೇ: ತಂತಿಗೊಂದರಂತೆ ಆರು ಅಯಸ್ಕಾಂತದ ಕಡ್ಡಿ, ಅವುಗಳ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ಎಳೆ, ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಆ ಸುರುಳಿಯಲ್ಲಿ ಒಂದಿಷ್ಟು ವಿದ್ಯುತ್ತು ಹುಟ್ಟುತ್ತೆ, ಆಂಪ್ಲಿಫೈಯರು ಅದನ್ನ ದೊಡ್ಡದು ಮಾಡುತ್ತೆ. ಆದರೆ ತಂತಿಯ ಕಂಪನ ಯಾವುದು, ಗೋಡೆಯೊಳಗಿನ ವೈರಿನಲ್ಲಿ ಸೆಕೆಂಡಿಗೆ 50 ಸಲ ಓಲಾಡೋ ಕರೆಂಟು ಯಾವುದು ಅಂತ ಸುರುಳಿಗೆ ಗೊತ್ತಿಲ್ಲ. ಟ್ಯೂಬ್‌ಲೈಟಿನ ಚೋಕು, ಫ್ಯಾನಿನ ರೆಗ್ಯುಲೇಟರು, ಎಲ್ಲವೂ ಅದಕ್ಕೆ ಕೇಳಿಸುತ್ತೆ. ರೇಡಿಯೋ ಸಿಲೋನ್ ಹಿಡಿಯೋಕೆ ಟ್ರಾನ್ಸಿಸ್ಟರನ್ನ ಅತ್ತ ಇತ್ತ ತಿರುಗಿಸ್ತಿದ್ದ ಕಾಲ ನೀನು ನೋಡಿಲ್ಲ. ಇದೂ ಹಾಗೇ, ಯಾವ ದಿಕ್ಕಿಗೆ ಹಿಡಿದಿದ್ದೀಯ ಅನ್ನೋದರ ಮೇಲೆ.

— ಸರಿಮಾಡಿಸೋಕೆ ಆಗಲ್ವಾ?

— ಆಗುತ್ತೆ. ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ ಅನ್ನೋ ಇಂಜಿನಿಯರು 1955ರಲ್ಲೇ ದಾರಿ ಮಾಡಿದ. ಎರಡು ಸುರುಳಿ ಪಕ್ಕಪಕ್ಕ ಇಟ್ಟು, ಒಂದನ್ನ ತಿರುವುಮುರುವಾಗಿ ಜೋಡಿಸಿದರೆ ಗುಂಯ್ ಅನ್ನೋದು ಒಂದಕ್ಕೊಂದು ಹೊಡೆದುಹೋಗುತ್ತೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತೆ. ಅದಕ್ಕೇ ಹಂಬಕರ್ ಅಂತ ಹೆಸರು. ಒಳ್ಳೇ ದನಿ, ತುಪ್ಪದ ಹಾಗೆ ದಪ್ಪ. ಆದರೆ ಒಂಟಿ ಸುರುಳಿಯ ಆ ಮೊದಲ ಪೆಟ್ಟು, ಎಳೆ ಸೌತೆಕಾಯಿ ಮುರಿದಂತೆ ಟಕ್ ಅಂತ ಬರುತ್ತಲ್ಲ, ಅದೂ ಜೊತೆಗೇ ಹೋಗುತ್ತೆ. ನನಗೆ ಅದು ಬೇಕು. ಈ ಗಿಟಾರಿನಲ್ಲಿ ಯಾವುದು ಕಾಯಿಲೆ, ಯಾವುದು ಸ್ವಭಾವ ಅಂತ ಬೇರ್ಪಡಿಸೋಕೇ ನನಗೆ ಹತ್ತು ವರ್ಷ ಹಿಡೀತು. ಗುಂಯ್ ಇದರ ಸ್ವಭಾವ.

— ಹಾಗಾದರೆ ಕಾಯಿಲೆ?

— ತುಕ್ಕು. ಎಲಿಯಟ್ಸ್ ಬೀಚು ಇಲ್ಲಿಂದ ಎಷ್ಟು ದೂರ? ಸಂಜೆ ಗಾಳಿ ತಿರುಗಿದರೆ ಉಪ್ಪು ಮನೆಯೊಳಕ್ಕೇ ಬರುತ್ತೆ. ಬೆಂಗಳೂರಿನಲ್ಲಿ ನಿನ್ನ ತಂತಿ ಮೂರು ತಿಂಗಳು ಬಂದರೆ ಇಲ್ಲಿ ಮೂರು ವಾರ. ಈ ಕುದುರೆ ನೋಡು. ವೀಣೆಗಿರೋ ಹಾಗೆ ಒಂದು ಕುದುರೆ ಅಲ್ಲ, ಮೂರು ಉಕ್ಕಿನ ಕೊಳವೆ, ಒಂದೊಂದರ ಮೇಲೆ ಎರಡೆರಡು ತಂತಿ. ಏರಿಸಿ ಇಳಿಸೋಕೆ ಅಕ್ಕಿಕಾಳಿನಷ್ಟು ತಿರುಪು. ಅವು ಒಂದು ಸಲ ತುಕ್ಕಿನಿಂದ ಕಚ್ಚಿಕೊಂಡರೆ ವಾರಗಟ್ಟಲೆ ಎಣ್ಣೆ ಬಿಡಬೇಕು. ನುಡಿಸಿ ಮುಗಿದ ಮೇಲೆ ಹಳೇ ಪಂಚೆಯ ತುಂಡಿನಲ್ಲಿ ತಂತಿ ಒಂದೊಂದನ್ನೇ ಒರೆಸದೆ ನಾನು ಊಟಕ್ಕೆ ಎದ್ದವನಲ್ಲ. ಇನ್ನು ನೀನೂ ಹಾಗೇ ಮಾಡಬೇಕು.

— ಆರು ತಂತಿಗೆ ಮೂರೇ ಕೊಳವೆ ಯಾಕೆ?

— ಮಾಡಿದವನು ಸರಳವಾಗಿ ಯೋಚಿಸಿದ, ಅದಕ್ಕೆ. ಒಂದೊಂದು ತಂತಿಯ ದಪ್ಪಕ್ಕೆ ತಕ್ಕ ಹಾಗೆ ಅದರ ಉದ್ದವೂ ಒಂದು ಎಳೆ ಬೇರೆ ಇರಬೇಕು. ಎರಡು ತಂತಿ ಒಂದೇ ಕೊಳವೆ ಮೇಲೆ ಕೂತರೆ ಒಂದಕ್ಕೆ ಶ್ರುತಿ ಸರಿಯಾಗಿ ಇನ್ನೊಂದಕ್ಕೆ ಚೂರು ಏರುಪೇರು ಉಳಿಯುತ್ತೆ. ನಿಮ್ಮತ್ತೆಯ ವೀಣೆಯಲ್ಲಾದರೆ ಮೇಣ ಬಿಸಿಮಾಡಿ ಮೆಟ್ಟಿಲನ್ನೇ ಸರಿಸಬಹುದು. ಇಲ್ಲಿ ಮೆಟ್ಟಿಲು ಮರಕ್ಕೆ ಹೊಡೆದು ಕೂರಿಸಿದ್ದು. ಬೆರಳೇ ಕಲೀಬೇಕು, ಮೂರನೇ ತಂತಿಯನ್ನ ಮೇಲಿನ ಮೆಟ್ಟಿಲಿನಲ್ಲಿ ಹಗುರವಾಗಿ ಒತ್ತಬೇಕು ಅಂತ. ಆರು ಕೊಳವೆಯ ಕುದುರೆ ಅಂಗಡಿಯಲ್ಲಿ ಸಿಗುತ್ತೆ, ನಾನು ಹಾಕಿಸಲಿಲ್ಲ. ಎರಡು ತಂತಿಯ ಭಾರ ಒಂದೇ ಉಕ್ಕಿನ ಮೇಲೆ ಬಿದ್ದಾಗ ಅದು ಹಲಗೆಯನ್ನ ಗಟ್ಟಿಯಾಗಿ ಒತ್ತಿ ಹಿಡಿಯುತ್ತೆ. ನನ್ನ ಕಿವಿಗೆ ಅದರಲ್ಲೊಂದು ಬಿಗಿ ಕೇಳಿಸುತ್ತೆ.

ಇರಲಿ, ಮೊದಲು ಇವತ್ತಿನ ಕೆಲಸ ಮುಗಿಸೋಣ. ಈ ಸಲದ ಮಳೆಗಾಲದಲ್ಲಿ ಕತ್ತು ಬಾಗಿದೆ. ಆ ಟಾರ್ಚ್ ಹಿಡಿ, ತಂತಿ ಸಡಿಲ ಮಾಡ್ತೀನಿ.

— ಹಿಂದಿನ ನಾಲ್ಕು ತಿರುಪು ಬಿಚ್ಚಿದರೆ ಕತ್ತೇ ಕೈಗೆ ಬಂದುಬಿಡುತ್ತಾ? ಭಯ ಆಗುತ್ತೆ ಮಾವ.

— ಭಯ ಬೇಡ, ಇದನ್ನ ಮಾಡಿದ್ದೇ ಬಿಚ್ಚಲಿ ಅಂತ. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಗಿಟಾರ್ ನುಡಿಸೋಕೆ ಅವನಿಗೆ ಕೊನೆವರೆಗೂ ಬರಲಿಲ್ಲ. ಯಾವ ಭಾಗ ಸವೆಯುತ್ತೋ ಅದನ್ನ ಬಿಚ್ಚಿ ಬೇರೆ ಹಾಕೋ ಹಾಗಿರಬೇಕು ಅನ್ನೋದು ರಿಪೇರಿಯವನ ಲೆಕ್ಕ. 1950ರಲ್ಲಿ ಬ್ರಾಡ್‌ಕಾಸ್ಟರ್ ಅಂತ ಹೆಸರಿಟ್ಟು ಇದನ್ನ ಮಾರಿದ. ಗ್ರೆಚ್ ಕಂಪನಿಯವರು ಆ ಹೆಸರು ನಮ್ಮ ಡ್ರಮ್ಮಿಗಿದೆ ಅಂದರು. ಸರಿ, ಚೀಟಿಯಿಂದ ಆ ಪದ ಕತ್ತರಿಸಿ ಹಾಕಿ ಕೆಲವು ತಿಂಗಳು ಹೆಸರಿಲ್ಲದೆಯೇ ಗಿಟಾರು ಕಳಿಸಿದರು. ಆಮೇಲೆ ಟೆಲಿವಿಷನ್ ಕಾಲ ಅಂತ ಟೆಲಿಕಾಸ್ಟರ್ ಆಯ್ತು. 1965ರಲ್ಲಿ ಕಂಪನಿಯನ್ನ 1.3 ಕೋಟಿ ಡಾಲರಿಗೆ ಸಿಬಿಎಸ್‌ಗೆ ಮಾರಿದ. ನಮ್ಮದು ಆ ಮಾರಾಟದ ನಂತರದ್ದು. ಕತ್ತಿನ ಬುಡ ನೋಡು.

— ಏನೋ ಮುದ್ರೆ ಇದೆ. 3, ಮಾರ್ಚ್, 67, ಬಿ.

— 3 ಅಂದರೆ ಟೆಲಿಕಾಸ್ಟರ್, ಬಿ ಅಂದರೆ ಕತ್ತಿನ ಅಗಲ. 1967ರ ಮಾರ್ಚಿನಲ್ಲಿ ಈ ಕತ್ತು ಆಯ್ತು. ಈಗ ಈ ಗುಬುಟಿನ ತಟ್ಟೆ ತೆಗೆದರೆ ಒಳಗೆ ಪೊಟೆನ್ಶಿಯೋಮೀಟರಿನ ಬೆನ್ನ ಮೇಲೆ 304 66 13 ಅಂತ ಕಾಣುತ್ತೆ. 304 ತಯಾರಕರ ಸಂಖ್ಯೆ, ಆಮೇಲೆ ವರ್ಷ, ಆಮೇಲೆ ವಾರ. 1966ರ ಹದಿಮೂರನೇ ವಾರ. ಆ ವರ್ಷ ರಾಶಿ ಕೊಂಡಿಟ್ಟಿದ್ದನ್ನ ಅವರು ಮುಂದೆ ವರ್ಷಗಟ್ಟಲೆ ಬಳಸಿದರು. ಹಾಗಾಗಿ ಇದೊಂದನ್ನೇ ನೋಡಿ ಯಾರಾದರೂ 1966ರ ಗಿಟಾರು ಅಂದರೆ ನಂಬಬೇಡ.

— ಮೆಟ್ಟಿಲಿನ ಕೆಳಗಿನ ಈ ಕಪ್ಪು ಮರ ಬೀಟೆ ಅಲ್ವಾ? ನಮ್ಮ ಅಜ್ಜಿಮನೆ ಮಂಚದ ಬಣ್ಣ.

— ಬೀಟೆಯೇ. ಮೊದಲು ಅಲ್ಲಿನವರು ಬ್ರೆಜಿಲ್ಲಿನ ಬೀಟೆ ಹಾಕ್ತಿದ್ದರು. ಅರವತ್ತರ ದಶಕದ ನಡುವಿನಿಂದ ಭಾರತದ ಬೀಟೆ ಬಂತು. ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಮಂಡಿ ಮೊಹಲ್ಲಾ ಕಡೆ. ಬೀಟೆ ಹಲಗೆಯಲ್ಲಿ ಕುಸುರಿ ತುಂಬೋ ಕೆಲಸದವರ ಬೀದಿ. ಶಾಲೆಗೆ ಹೋಗ್ತಾ ಆ ಮರದ ಪುಡಿಯ ವಾಸನೆ ಹೀರಿಕೊಂಡೇ ಹೋಗ್ತಿದ್ದೆ. ಗುಲಾಬಿಯಂತೂ ಅಲ್ಲ, ಸ್ವಲ್ಪ ಖಾರ, ಸ್ವಲ್ಪ ಸಿಹಿ. ಮೊದಲ ಸಲ ಈ ಕತ್ತು ಬಿಚ್ಚಿ ಮೂಸಿದಾಗ ಅದೇ ವಾಸನೆ ಬಂತು. ಕಣ್ಣಲ್ಲಿ ನೀರು ಬಂತು ಕಣೇ. ನಮ್ಮ ಪಶ್ಚಿಮಘಟ್ಟದ ಕಡೆಯ ಮರ ಕಡಲು ದಾಟಿ ಹೋಗಿ, ಗಿಟಾರಾಗಿ, ಮದರಾಸಿಗೆ ತಿರುಗಿ ಬಂದಿದೆ ಅನ್ನಿಸ್ತು. ಈಗ ಬೀಟೆಗೆ ಅಂತರರಾಷ್ಟ್ರೀಯ ಕಾವಲಿದೆ. 2017ರಲ್ಲಿ ವಾದ್ಯಗಳಿಗೂ ಕಾಗದಪತ್ರ ಬೇಕು ಅಂದರು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಮರವನ್ನ ಕಾಯಬೇಕಾದ್ದು ಸರಿಯೇ. ಘಟ್ಟದಲ್ಲಿ ನಾನು ದೊಡ್ಡ ಬೀಟೆ ನೋಡಿ ಎಷ್ಟು ವರ್ಷ ಆಯ್ತು.

ಆ ಸ್ಕ್ರೂಡ್ರೈವರ್ ಕೊಡು. ಕತ್ತಿನೊಳಗೆ ಉದ್ದಕ್ಕೂ ಒಂದು ಕಬ್ಬಿಣದ ಸರಳಿದೆ, ಅದರ ತಲೆ ಈ ಬುಡದಲ್ಲಿದೆ. ಕತ್ತು ಬಿಚ್ಚದೆ ಇದನ್ನ ತಿರುಗಿಸೋಕೇ ಆಗಲ್ಲ. ಕಾಲು ಸುತ್ತು ಸಾಕು. ಜಾಸ್ತಿ ಆಸೆಪಡಬೇಡ, ಮರಕ್ಕೆ ಒಂದು ರಾತ್ರಿ ಸಮಯ ಕೊಟ್ಟು ಆಮೇಲೆ ನೋಡಬೇಕು.

— ಇದು ನಿಮ್ಮ ಕೈಗೆ ಬಂದದ್ದು ಹೇಗೆ? ಅಮ್ಮ ಒಂದೊಂದು ಸಲ ಒಂದೊಂದು ಹೇಳ್ತಾಳೆ.

— 1974ರಲ್ಲಿ. ಹಡಗಿನಲ್ಲಿ ಕೆಲಸಕ್ಕಿದ್ದ ಮಂಗಳೂರಿನವರೊಬ್ಬರು ಹೊರಗಿನಿಂದ ತಂದಿದ್ದರು. ಆಗ ಪರದೇಶದ ಗಿಟಾರು ತರಿಸಬೇಕಂದರೆ ಲೈಸೆನ್ಸು, ಸುಂಕ, ನಮ್ಮಂಥವರ ಕೈಲಾಗದ ಮಾತು. ಮದರಾಸಿನ ವಾದ್ಯಗೋಷ್ಠಿಗಳಲ್ಲಿ ಕಲ್ಕತ್ತೆಯ ಗಿಬ್‌ಟೋನ್ ಇದ್ದರೆ ಅದೇ ದೊಡ್ಡದು. ಆ ಮಂಗಳೂರಿನವರಿಗೆ ತಂಗಿಯ ಮದುವೆಗೆ ದುಡ್ಡು ಬೇಕಿತ್ತು. ನಾನು ಆರು ತಿಂಗಳ ರೆಕಾರ್ಡಿಂಗ್ ಸಂಪಾದನೆ ಸುರಿದೆ. ಆಗ ಕನ್ನಡ ಸಿನಿಮಾ ಹಾಡು ಅಂದರೆ ಮದರಾಸೇ ಅಲ್ವಾ. ಪಿ. ಬಿ. ಶ್ರೀನಿವಾಸ್ ಇಲ್ಲೇ ಇದ್ದರು, ಜಿ. ಕೆ. ವೆಂಕಟೇಶ್ ಇಲ್ಲೇ. ವೆಂಕಟೇಶ್ ಅವರ ಹತ್ತಿರ ಗಿಟಾರ್ ಹಿಡಿದು ಸಹಾಯಕನಾಗಿದ್ದ ಹುಡುಗನೇ 1976ರಲ್ಲಿ ‘ಅನ್ನಕ್ಕಿಳಿ’ ಮಾಡಿ ಇಳಯರಾಜ ಅಂತ ಹೆಸರಾದದ್ದು. 1978ರ ‘ಆಪರೇಷನ್ ಡೈಮಂಡ್ ರ್‍ಯಾಕೆಟ್’ನಲ್ಲಿ ವೆಂಕಟೇಶ್ ಅವರು ರಾಜ್‌ಕುಮಾರ್ ಕೈಲಿ ಇಂಗ್ಲಿಷ್ ಹಾಡು ಹಾಡಿಸಿದಾಗ ನಮ್ಮ ಗಿಟಾರಿನವರಿಗೆಲ್ಲ ಎಷ್ಟು ಹೆಮ್ಮೆ! ನಾನು ಅದಕ್ಕೆ ನುಡಿಸಿಲ್ಲ. ಆದರೆ ಕನ್ನಡದ ಮನೆ ಮನೆಯಲ್ಲಿ ಈಗ ಗಿಟಾರು ಕೇಳುತ್ತೆ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

— ಈ ಗುಂಯ್ ಸದ್ದು ಸ್ಟುಡಿಯೋದಲ್ಲಿ ತೊಂದರೆ ಕೊಡ್ತಿರಲಿಲ್ವಾ?

— ಕೊಡದೆ? ಗಾಯಕರು, ಪಿಟೀಲು, ತಬಲ, ಎಲ್ಲ ಒಟ್ಟಿಗೇ ಒಂದೇ ಟೇಕಿನಲ್ಲಿ ಮುಗೀಬೇಕಾಗಿದ್ದ ಕಾಲ. ಒಂದು ಸ್ಟುಡಿಯೋದಲ್ಲಿ ನಾನು ಎಲ್ಲಿ ಕೂತರೂ ಗುಂಯ್. ಕೊನೆಗೆ ಗೋಡೆ ಕಡೆ ತಿರುಗಿ ಕೂತಾಗ ಮಾತ್ರ ನಿಂತಿತು. ಆದರೆ ಹಾಗೆ ಕೂತರೆ ಕೈ ತೋರಿಸೋರು ನನಗೆ ಕಾಣಲ್ಲ. ಹಿಂದೆ ಕೂತಿದ್ದ ಪಿಟೀಲಿನವರು ನನ್ನ ಸ್ಟೂಲಿನ ಕಾಲಿಗೆ ತಮ್ಮ ಪಾದ ತಾಗಿಸಿಟ್ಟು, ನನ್ನ ತುಣುಕು ಬರೋ ಹೊತ್ತಿಗೆ ಒಂದು ಸಲ ಒತ್ತಿದರು. ಆ ಹಾಡು ಪೂರ್ತಿ ಅವರ ಪಾದದ ಮೇಲೆ ನಡೀತು. ಈಗಲೂ ರೇಡಿಯೋದಲ್ಲಿ ಬಂದರೆ ನನಗೆ ಮೊದಲು ನೆನಪಾಗೋದು ಆ ಒತ್ತು.

— ಈ ಸ್ವಿಚ್ಚಿನ ಪಕ್ಕ ಏನೋ ಕಚ್ಚಿದ ಗುರುತಿದೆ.

— ಬೆಂಕಿಕಡ್ಡಿಯದು. ಮೂರು ಕಡೆ ನಿಲ್ಲೋ ಸ್ವಿಚ್ಚು ಇದು. ಹಿಂದಕ್ಕೆ ತಳ್ಳಿದರೆ ಕುದುರೆ ಹತ್ತಿರದ ಪಿಕಪ್, ನಡುವೆ ನಿಲ್ಲಿಸಿದರೆ ಕತ್ತಿನ ಹತ್ತಿರದ್ದು. ಮುಂದಕ್ಕೆ ತಳ್ಳಿದರೆ ಮತ್ತೆ ಕತ್ತಿನದೇ, ಆದರೆ ಒಂದು ಕೆಪಾಸಿಟರು ಅಡ್ಡ ಬಂದು ಕಂಬಳಿ ಹೊದಿಸಿದ ಹಾಗೆ ಮಂಕಾಗುತ್ತೆ, ಬೇಸ್ ಗಿಟಾರಿನ ಬದಲಿಗೆ ಬಳಸಲಿ ಅಂತ. ಎರಡೂ ಪಿಕಪ್ ಒಟ್ಟಿಗೆ ಕೂಡೋ ಜಾಗವೇ ಇಲ್ಲ! 1967ರ ಕೊನೆಯಲ್ಲಿ ಕಂಪನಿಯವರೇ ಅದನ್ನ ಬದಲಾಯಿಸಿದರು. ನಮ್ಮದು ಕೆಲವೇ ತಿಂಗಳು ಮೊದಲಿನದು. ಎರಡೂ ಸೇರಿದ ದನಿ ಎಷ್ಟು ಚೆಂದ ಗೊತ್ತಾ, ಗಾಜಿನ ಬಳೆ ತಾಗಿದ ಹಾಗೆ. ಅದು ಬೇಕಾದಾಗ ಸ್ವಿಚ್ಚನ್ನ ಎರಡು ಜಾಗದ ನಡುವೆ ಸಿಕ್ಕಿಸಿ ಬೆಂಕಿಕಡ್ಡಿಯ ತುಂಡು ಇಟ್ಟು ನಿಲ್ಲಿಸ್ತಿದ್ದೆ.

— ವೈರು ಬದಲಾಯಿಸಿದರೆ ಐದು ನಿಮಿಷದ ಕೆಲಸ ಅಲ್ವಾ?

— ಐದೇ ನಿಮಿಷ. ನೀನು ಬೇಕಾದರೆ ಮಾಡಿಸ್ಕೋ, ನನ್ನದೇನೂ ಬೇಡ ಅಂತಿಲ್ಲ. ಹಳೇ ವೈರು, ಕೆಪಾಸಿಟರು ಮಾತ್ರ ಒಂದು ಪೊಟ್ಟಣದಲ್ಲಿ ಎತ್ತಿಡು, ಬಿಸಾಡಬೇಡ.

— ಇದರಲ್ಲಿ ನಮ್ಮ ರಾಗ ನುಡಿಸಿದ್ದೀರಾ?

— ಅದಕ್ಕೇ ಅಲ್ವಾ ನಾನು ಇದನ್ನ ಇಷ್ಟು ಹಚ್ಚಿಕೊಂಡದ್ದು. ಡಬ್ಬಿ ಗಿಟಾರಿನಲ್ಲಿ ತಂತಿಯ ಕಸುವನ್ನೆಲ್ಲ ಮರದ ಮೇಲ್ಪದರ ಹೀರಿ ಗಾಳಿಗೆ ಹಂಚಿಬಿಡುತ್ತೆ. ಜೋರಾಗಿ ಕೇಳುತ್ತೆ, ಬೇಗ ಸಾಯುತ್ತೆ. ಗಟ್ಟಿ ಹಲಗೆ ಹಾಗೆ ಬಿಟ್ಟುಕೊಡಲ್ಲ, ಕಸುವು ತಂತಿಯಲ್ಲೇ ಉಳಿಯುತ್ತೆ. ಒಂದು ಸಲ ಮೀಟಿದರೆ ಗಾಂಧಾರದ ಮೇಲೆ ಎರಡು ಮೂರು ಓಲಾಟ ಮಾಡಿ ಮಧ್ಯಮಕ್ಕೆ ಜಾರೋವರೆಗೂ ಸ್ವರ ಬದುಕಿರುತ್ತೆ. ಮ್ಯಾಂಡೊಲಿನ್ ಶ್ರೀನಿವಾಸ್ ಮಾಡಿದ್ದೂ ಅದನ್ನೇ. ಜೋಡಿ ತಂತಿಯ ವಾದ್ಯವನ್ನ ಒಂಟಿ ತಂತಿಗೆ ತಂದು, ಐದು ತಂತಿ ಮಾಡಿ, ವಿದ್ಯುತ್ತಿಗೆ ಜೋಡಿಸಿದರು. 1981ರಲ್ಲಿ ಮದರಾಸಿನಲ್ಲಿ ಮೊದಲ ಕಛೇರಿ ಮಾಡಿದಾಗ ಹನ್ನೆರಡರ ಹುಡುಗ. ಸುಕುಮಾರ್ ಪ್ರಸಾದ್ ಎಲೆಕ್ಟ್ರಿಕ್ ಗಿಟಾರಿನಲ್ಲೇ ಕರ್ನಾಟಕ ಸಂಗೀತ ನುಡಿಸಿದರು. ಆಮೇಲೆ ಇಲ್ಲೇ ಪಕ್ಕದ ಐಐಟಿಯಲ್ಲಿ ಹಡಗು ಕಟ್ಟೋ ಶಾಸ್ತ್ರ ಓದಿದ ಪ್ರಸನ್ನ ಅದನ್ನ ಎಷ್ಟು ದೂರ ಒಯ್ದರು!

ನನಗೆ ಮಾತ್ರ ಈ ಗಿಟಾರು ಒಂದು ಕಡೆ ಅಡ್ಡ ಬಂತು. ಬೆರಳಹಲಗೆ ಮಟ್ಟಸವಾಗಿಲ್ಲ, ನೋಡು, ಕಮಾನಿನ ಹಾಗೆ ಬಾಗಿದೆ. ಮೇಲಿನ ಮೆಟ್ಟಿಲಲ್ಲಿ ತಂತಿಯನ್ನ ಪಕ್ಕಕ್ಕೆ ಎಳೆದರೆ ಅದು ಉಬ್ಬನ್ನ ದಾಟುವಾಗ ಮುಂದಿನ ಮೆಟ್ಟಿಲಿಗೆ ತಾಗಿ ಸ್ವರ ಪಟ್ಟನೆ ಸತ್ತುಹೋಗುತ್ತೆ. ಹಾಗಾಗಿ ನಾನು ಎಳೆಯೋದು ಬಿಟ್ಟು ಜಾರು ಕಲಿತೆ. ನನ್ನ ತೋಡಿ ಕೇಳಿದವರು ಇವರ ಬಾನಿ ಬೇರೆ ಅಂತಾರೆ. ಆ ಬಾನಿ ಕೊಟ್ಟದ್ದು ಈ ಉಬ್ಬು.

— ಮಾವ, ತಳದಲ್ಲಿ ಈ ಬಿಳಿ ಮಚ್ಚೆ ಏನು? ಉಳಿದದ್ದೆಲ್ಲ ಹಳೇ ಬೆಣ್ಣೆ ಬಣ್ಣ.

— ಅದು ನೀರಿನ ಗುರುತು. 2015ರ ಡಿಸೆಂಬರ್ 1ರ ರಾತ್ರಿ. ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರು ಅಡ್ಯಾರ್ ನದಿಯಲ್ಲಿ ಉಕ್ಕಿ ಬಂತು. ನಾವು ಮಹಡಿಗೆ ಅಕ್ಕಿ ಸಾಗಿಸಿದೆವು, ವೀಣೆ ಸಾಗಿಸಿದೆವು. ಇದು ಪೆಟ್ಟಿಗೆಯಲ್ಲಿ ಮಂಚದ ಕೆಳಗಿತ್ತು. ಕರೆಂಟಿಲ್ಲ, ಕತ್ತಲು. ನಾನು ಮರೆತೆ. ನಾಲ್ವತ್ತು ವರ್ಷ ಮಗುವಿನಂತೆ ಇಟ್ಟುಕೊಂಡದ್ದನ್ನ ಮರೆತೆ ಕಣೇ. ಮೂರನೇ ದಿನ ಪೆಟ್ಟಿಗೆ ತೆಗೆದಾಗ ಒಳಗಿನ ಮಖಮಲ್ಲು ಕೆಸರಾಗಿತ್ತು.

— ಒಣಗಿಸಿದ್ದು ಹೇಗೆ?

— ಬಿಸಿಲಿಗೆ ಇಡಬಾರದು ಅಂತ ವೀಣೆಯವರು ಹೇಳಿದ್ದು ನೆನಪಿತ್ತು. ಕತ್ತು ಬೇರೆ, ಮೈ ಬೇರೆ ಮಾಡಿ ನೆರಳಿನಲ್ಲಿ ಮೂರು ತಿಂಗಳು. ಮರ ಉಳೀತು. ಹಲಗೆಗೆ ಡಬ್ಬಿಯ ಹಾಗೆ ಅಂಟು ಬಿಡೋ ಚಿಂತೆ ಇಲ್ಲ. ಕತ್ತಿನ ಪಿಕಪ್ಪೂ ಉಳೀತು. ಕುದುರೆಯ ಪಿಕಪ್ ಮಾತ್ರ ಸತ್ತಿತ್ತು, ಸುರುಳಿಯೊಳಗೆ ಎಲ್ಲೋ ಎಳೆ ತಿಂದುಹೋಗಿ ಮೀಟರಿನ ಮುಳ್ಳು ಅಲ್ಲಾಡಲೇ ಇಲ್ಲ. ರಿಚ್ಚಿ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ರಿಲೇ, ಮೀಟರುಗಳ ಸುರುಳಿ ಸುತ್ತೋ ಒಬ್ಬ ಮುದುಕರಿದ್ದರು. 0.063 ಮಿಲಿಮೀಟರ್ ಎಳೆ, ಉಸಿರು ಜೋರಾಗಿ ಬಿಟ್ಟರೆ ಕಡಿಯುತ್ತೆ. ಎರಡು ಸಲ ಕಡೀತು. ಮೂರನೇ ಸಲ ಫ್ಯಾನ್ ಆರಿಸಿ, ಬೆರಳುಗಳ ನಡುವೆ ಎಳೆ ಹಿಡಿದು, ಎಂಟು ಸಾವಿರ ದಾಟೋವರೆಗೂ ಸುತ್ತಿದರು. ನಾನು ಪಕ್ಕದಲ್ಲಿ ಕೂತು ಅವರ ಹಣೆ ಬೆವರು ಒರೆಸ್ತಿದ್ದೆ.

ಮನೆಗೆ ತಂದು ಹಾಕಿ ಆಂಪ್ ಏರಿಸಿದರೆ ಕಿರುಚೋಕೆ ಹತ್ತಿತು. ಸುರುಳಿಯ ಎಳೆಗಳು ಒಳಗೇ ಅದುರುತ್ತಿದ್ದವು. ಅದು ಕಾಯಿಲೆ. ಅದಕ್ಕೆ ಮದ್ದು ಮೇಣ. ನಿಮ್ಮತ್ತೆ ವೀಣೆಗೆ ಅಂತ ಇಟ್ಟಿದ್ದ ಜೇನುಮೇಣಕ್ಕೆ ಪ್ಯಾರಾಫಿನ್ ಸೇರಿಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿದಳು. 65 ಡಿಗ್ರಿ ದಾಟಬಾರದು. ಪಿಕಪ್ ಅದರಲ್ಲಿ ಮುಳುಗಿದಾಗ ಸುರುಳಿಯಿಂದ ಸಣ್ಣ ಸಣ್ಣ ಗುಳ್ಳೆ ಏಳ್ತಾ ಇತ್ತು. ಗುಳ್ಳೆ ನಿಲ್ಲೋವರೆಗೂ ಇಬ್ಬರೂ ಒಲೆ ಮುಂದೆ ಕೂತಿದ್ದೆವು. ವೀಣೆಯಲ್ಲಿ ಮೆಟ್ಟಿಲು ನಿಲ್ಲಿಸೋ ಮೇಣವೇ ಇಲ್ಲಿ ಎಳೆ ನಿಲ್ಲಿಸ್ತು.

— ಅಂದರೆ ಮತ್ತೆ ಹಳೇ ದನಿ ಬಂತು.

— ಇಲ್ಲ. ಹಾಗೆ ಹೇಳಬಾರದು. ಹಳೇ ಸುರುಳಿಯ ಅಳತೆ ನನ್ನ ಡೈರಿಯಲ್ಲಿತ್ತು, 6.4 ಕಿಲೋ ಓಮ್. ಹೊಸದು 7.1. ಸುತ್ತು ಜಾಸ್ತಿಯಾಗಿದೆ. ದನಿ ಸ್ವಲ್ಪ ದಪ್ಪ, ಮೇಲಿನ ಅಂಚು ಸ್ವಲ್ಪ ಮೊಂಡು. ಸೌತೆಕಾಯಿ ಈಗಲೂ ಮುರಿಯುತ್ತೆ, ಆದರೆ ಬಲಿತ ಕಾಯಿ.

— ಅಯಸ್ಕಾಂತ ಹಳೇದು, ಮರ ಹಳೇದು. ನನ್ನ ಮಟ್ಟಿಗೆ ಇದು ಅದೇ ಗಿಟಾರು ಮಾವ.

— ಗಿಟಾರು ಅದೇ. ದನಿ ಬೇರೆ. ಎರಡೂ ನಿಜ. ಈ ಪೆಟ್ಟಿಗೆಯ ಜೇಬಿನಲ್ಲಿ ಒಂದು ಕಾರ್ಡಿದೆ, ಓದು.

— "ಕುದುರೆ ಪಿಕಪ್ 2016ರಲ್ಲಿ ಮರುಸುತ್ತಿದ್ದು. ಮೆಟ್ಟಿಲು 1989ರಲ್ಲಿ ಬದಲಿಸಿದ್ದು. ಎರಡನೇ ತಂತಿಯ ಬಿರಡೆ ಮೂಲದ್ದಲ್ಲ. ತಳದ ಲ್ಯಾಕರ್ ನೀರಿನಿಂದ ಬಿಳಿಚಿದ್ದು." ಎಲ್ಲ ಬರೆದಿಟ್ಟಿದ್ದೀರಿ! ಸಂಗ್ರಹ ಮಾಡೋರು ಇದನ್ನ ಓದಿದರೆ ಬೆಲೆ ಎಷ್ಟು ಇಳಿಸ್ತಾರೋ.

— ಇಳಿಸಲಿ. ನಾಳೆ ನೀನು ಯಾರಿಗಾದರೂ ಕೊಟ್ಟರೂ ಕಾರ್ಡು ಇದರ ಜೊತೆಯಲ್ಲೇ ಹೋಗಬೇಕು. ರಿಚ್ಚಿ ಸ್ಟ್ರೀಟಿನ ಆ ಮುದುಕರು ಎಂಟು ಸಾವಿರ ಸುತ್ತು ಸುತ್ತಿದ್ದಾರೆ. ಅದನ್ನ ಫುಲರ್ಟನ್ನಿನದು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಕತ್ತು ಹಿಡಿ, ನಾಲ್ಕೂ ತಿರುಪು ಒಂದೊಂದಾಗಿ ಬಿಗಿ ಮಾಡು, ಅಡ್ಡಡ್ಡವಾಗಿ. ತಂತಿ ಏರಿಸು. ಈಗ ಆಂಪ್ ಹಾಕು.

— ಬೇವಿನ ಮರದ ಕಡೆ ತಿರುಗಿದ್ದೀನಿ... ಅಯ್ಯೋ, ಕರೆಂಟ್ ಹೋಯ್ತು.

— ಒಳ್ಳೇದೇ ಆಯ್ತು. ಗುಂಯ್ ಪೂರ್ತಿ ನಿಂತಿತು. ಇಲ್ಲಿ ಕೊಡು. ನನ್ನ ಬಲಗಿವಿಗೆ ಮೇಲಿನ ಸಣ್ಣ ದನಿಗಳು ಬರೋದು ನಿಂತು ನಾಲ್ಕು ವರ್ಷ ಆಯ್ತು, ಆಂಪಿನಿಂದ ಎಷ್ಟು ಜೋರು ಮಾಡಿದರೂ ಬರಲ್ಲ. ಹಲಗೆಯ ಈ ಮೂಲೆಗೆ ಗದ್ದ ಊರಿ ನುಡಿಸಿದರೆ ಬರುತ್ತೆ. ಮೂಳೆಯೊಳಗಿಂದ. ನೀನೂ ಊರು. ಹಲ್ಲು ಸ್ವಲ್ಪ ಕಚ್ಚಿ ಹಿಡಿ. ಮೀಟ್ತೀನಿ. ಕೇಳಿಸ್ತಾ?

— ತಲೆಯೊಳಗೇ ಕೇಳಿಸ್ತಿದೆ ಮಾವ. ಇನ್ನೂ ಇದೆ. ಇನ್ನೂ ಇದೆ.

— ಮೂರನೇ ತಂತಿ ಒಂದು ಎಳೆ ಏರಿದೆ. ಬಿರಡೆ ಚೂರು ಇಳಿಸು. ಸಾಕು. ಈಗ ನೀನು ಮೀಟು, ನಾನು ಗದ್ದ ಇಡ್ತೀನಿ.